ಕಾಗಿಣಾ ದಂಡೆಯ ಕಪಾಟು

ಹಳಗನ್ನಡದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದ ಪುಸ್ತಕ ‘ಕವಿರಾಜಮಾರ್ಗ’. ಹೀಗೆಂದರೆ ಓದುವ ಗೆಳೆಯರು ಹುಬ್ಬೇರಿಸುತ್ತಾರೆ. ಪಂಪ, ರನ್ನ, ಕುಮಾರವ್ಯಾಸರಿರುವಾಗ ಅಲಂಕಾರಶಾಸ್ತ್ರದ ಪುಸ್ತಕವನ್ನು ಯಾರಾದರೂ ತಲೆದಿಂಬಿನ ಬಳಿ ಇಟ್ಟುಕೊಳ್ಳುತ್ತಾರೆಯೇ ಎಂಬುದು ಅವರ ಪ್ರಶ್ನೆ. ಪಂಪ ದೊಡ್ಡವನು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಂಪನ ಎದುರು ನಾನು ಬೆರಗಾಗಿ ಕೂತುಬಿಡುತ್ತೇನೆ. ‘ಕವಿರಾಜಮಾರ್ಗ’ದ ಶ್ರೀವಿಜಯನ ಪಕ್ಕದಲ್ಲಿ ಕೂತರೆ ವಾದ ಮಾಡುವ ಹುಮ್ಮಸ್ಸು ಬರುತ್ತದೆ. ಅವನೂ ನನ್ನಂತೆ ಓದುತ್ತ ಕೂತವನು. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಗ್ರಂಥ ಒಬ್ಬ ಓದುಗ ಬರೆದದ್ದು ಎಂಬುದೇ ನನಗೆ ದೊಡ್ಡ ಸಂತೋಷ.

ಸುಮಾರು 850ರಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕೃತಿ ಇದು. ಆಗಿನ ರಾಜಧಾನಿ ಮಾನ್ಯಖೇಟವೇ ಈಗಿನ ಮಳಖೇಡ, ಸೇಡಂ ತಾಲೂಕಿನಲ್ಲಿ ಕಾಗಿಣಾ ನದಿಯ ದಂಡೆಯ ಊರು. ಗ್ರಂಥದ ಬಹುಭಾಗ ದಂಡಿಯ ‘ಕಾವ್ಯಾದರ್ಶ’ವನ್ನು ಅನುಸರಿಸಿದೆ ಎಂದು ಪಂಡಿತರು ಹೇಳುತ್ತಾರೆ, ನಿಜವೇ. ನನ್ನ ರುಚಿ ಇರುವುದು ಅದು ದಂಡಿಯನ್ನು ಬಿಟ್ಟು ಕನ್ನಡದ ಕಡೆ ತಿರುಗುವ ಕಡೆಗಳಲ್ಲಿ. ಶ್ರೀವಿಜಯ ಒಂದು ಪದ್ಯ ಎತ್ತಿಕೊಳ್ಳುತ್ತಾನೆ. ಇಲ್ಲಿ ಕುಂಟುತ್ತಿದೆ ನೋಡು ಎನ್ನುತ್ತಾನೆ. ಮರುಕ್ಷಣ ಅದೇ ಮಾತುಗಳನ್ನು ಅತ್ತಿತ್ತ ಸರಿಸಿ, ಒಂದು ಪದ ಹಿಂದೆ ತಳ್ಳಿ, ಇನ್ನೊಂದನ್ನು ಮುಂದಕ್ಕೆಳೆದು, ಅದೇ ಪದ್ಯವನ್ನು ನಡೆಸಿ ತೋರಿಸುತ್ತಾನೆ. ಎರಡನ್ನೂ ಗಟ್ಟಿಯಾಗಿ ಓದಿಕೊಂಡರೆ ವ್ಯತ್ಯಾಸ ಮೊದಲು ನಾಲಗೆಗೆ ಗೊತ್ತಾಗುತ್ತದೆ, ಆಮೇಲೆ ಬುದ್ಧಿಗೆ. ಸಂಸ್ಕೃತದ ಪದವನ್ನೂ ಕನ್ನಡದ ಪದವನ್ನೂ ಕಣ್ಣುಮುಚ್ಚಿ ಸಮಾಸ ಮಾಡುವವರ ಮೇಲೆ ಅವನಿಗೆ ಸಿಟ್ಟು; ಅದು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದ ಹಾಗೆ ಎನ್ನುತ್ತಾನೆ. ಶಾಸ್ತ್ರಕಾರನೊಬ್ಬ ಅಡುಗೆಮನೆಯ ಒಲೆಯ ಮುಂದೆ ನಿಂತು ಮಾತಾಡುವುದು ನನಗೆ ಬಹಳ ಹಿಡಿಸುತ್ತದೆ.

ವಾಡಿ ಜಂಕ್ಷನ್ನಿನಲ್ಲಿ ನೌಕರಿ ಮಾಡಿ ನಿವೃತ್ತರಾದ ಹಿರಿಯರೊಬ್ಬರು ನನ್ನ ಓದಿನ ಜೊತೆಗಾರರು. ಕಾಕಾ ಎಂದೇ ನಾನು ಕರೆಯುವುದು. ಅವರಿಗೊಮ್ಮೆ ಇಂಥ ಎರಡು ಪದ್ಯಗಳನ್ನು, ಯಾವುದು ತಪ್ಪು ಯಾವುದು ಸರಿ ಎಂದು ಹೇಳದೆ, ಓದಿ ತೋರಿಸಿದೆ. ಕಣ್ಣು ಮುಚ್ಚಿ ಕೇಳಿ, “ಮೊದಲಿಂದ್ರಾಗ ಉಸಿರು ಕಟ್ಟತದ. ಎರಡನೇದು ಹರೀತದ ನೋಡ್ರಿ” ಎಂದರು. ಹಳಗನ್ನಡದ ವ್ಯಾಕರಣ ಓದಿದವರಲ್ಲ. ಭಜನೆಯಲ್ಲಿ ಕಡಕೋಳ ಮಡಿವಾಳಪ್ಪನವರ ತತ್ವಪದ ಹಾಡುತ್ತ ಬಂದವರು. ಓದು ಬಾರದಿದ್ದರೂ ಕಾವ್ಯದ ಹದ ಬಲ್ಲ ಜನರಿವರು ಎಂದು ಕನ್ನಡ ನಾಡಿನವರನ್ನು ಶ್ರೀವಿಜಯ ಹೊಗಳುವ ಕಡೆ ಬಂದಾಗಲೆಲ್ಲ ನನಗೆ ಕಾಕಾನ ನೆನಪಾಗುತ್ತದೆ. ಆ ಹೊಗಳಿಕೆ ಉತ್ಪ್ರೇಕ್ಷೆ ಎನ್ನುವವರ ಜೊತೆ ನಾನು ಜಗಳಕ್ಕೆ ನಿಲ್ಲುತ್ತೇನೆ.

ಇದೇ ಪುಸ್ತಕದ ಇನ್ನೊಂದು ಸಂಗತಿ ನನ್ನನ್ನು ಬಿಡದೆ ಕಾಡುತ್ತದೆ. ಕಾವೇರಿಯಿಂದ ಗೋದಾವರಿಯ ತನಕ ನಾಡಿನ ಮೇರೆ ಹಾಕಿದ ಮೇಲೆ, ತಿರುಳುಗನ್ನಡ, ಎಂದರೆ ಅಪ್ಪಟ ಕನ್ನಡ, ಎಲ್ಲಿಯದು ಎಂದು ಹೇಳಬೇಕಾಗುತ್ತದೆ. ರಾಜಧಾನಿಯಲ್ಲಿ, ಚಕ್ರವರ್ತಿಯ ನೆರಳಿನಲ್ಲಿ ಕೂತು ಬರೆಯುವವನು ಯಾವ ಊರಿನ ಹೆಸರು ಹೇಳಬೇಕು? ಶ್ರೀವಿಜಯ ಹೇಳುವುದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಎಂದರೆ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರದ ಸೀಮೆ. ಮಾನ್ಯಖೇಟದ ಹೆಸರೇ ಅಲ್ಲಿಲ್ಲ. ಅರಮನೆಯ ಊರಿಗೆ ಈ ಮಾನ ಕೊಡದೆ ದೂರದ ಊರುಗಳಿಗೆ ಕೊಟ್ಟ ಆ ಮನಸ್ಸಿನ ಮುಂದೆ ನನಗೆ ಗೌರವ ಉಕ್ಕುತ್ತದೆ. ಪರರ ವಿಚಾರವನ್ನೂ ಪರರ ಧರ್ಮವನ್ನೂ ಸೈರಿಸುವುದೇ ನಿಜವಾದ ಸಿರಿ ಎಂಬ ಅರ್ಥದ ಅವನ ಮಾತು ಭಾಷಣಗಳಲ್ಲಿ ಸವೆದುಹೋಗಿದೆ. ಈ ಊರುಗಳ ಪಟ್ಟಿಯ ಪಕ್ಕದಲ್ಲಿಟ್ಟು ಓದಿದರೆ ಮಾತ್ರ ಅದಕ್ಕೆ ಮತ್ತೆ ಜೀವ ಬರುತ್ತದೆ.

ಕೆ.ಬಿ. ಪಾಠಕರು 1898ರಲ್ಲಿ ಇದನ್ನು ಅಚ್ಚಿಗೆ ತಂದ ಮೇಲೆ ಕರ್ತೃ ನೃಪತುಂಗನೋ ಶ್ರೀವಿಜಯನೋ ಎಂಬ ಚರ್ಚೆಯಲ್ಲೇ ಪಂಡಿತರ ಬಹಳಷ್ಟು ಶ್ರಮ ಕಳೆಯಿತು. 2000ದಲ್ಲಿ ಬಂದ ಕೆ.ವಿ. ಸುಬ್ಬಣ್ಣನವರ ‘ಕವಿರಾಜಮಾರ್ಗ ಮತ್ತು ಕನ್ನಡ ಜಗತ್ತು’ ಓದಿದಾಗ ನನಗೆ ಆ ಚರ್ಚೆಯ ಹಂಗು ತಪ್ಪಿತು. ಹೆಗ್ಗೋಡಿನ ಅಡಿಕೆ ತೋಟದಲ್ಲಿ ಕೂತು ಮಳಖೇಡದ ಪುಸ್ತಕವನ್ನು ಇಷ್ಟು ಪ್ರೀತಿಯಿಂದ ಓದಿದ ಇನ್ನೊಬ್ಬರನ್ನು ನಾನು ಕಾಣೆ. ಹೊಸದಾಗಿ ಓದುವವರು ಮೂರು ಪರಿಚ್ಛೇದಗಳಲ್ಲಿ ಮೊದಲನೆಯದನ್ನು ನಿಧಾನವಾಗಿ ಮುಗಿಸಿ, ಸುಬ್ಬಣ್ಣನವರನ್ನು ಓದಿ, ಆಮೇಲೆ ಉಳಿದೆರಡಕ್ಕೆ ಹೋಗುವುದು ಒಳ್ಳೆಯದು. ಅಲಂಕಾರಗಳ ಮೂರನೆಯ ಪರಿಚ್ಛೇದದಿಂದ ಶುರು ಮಾಡಿದವರು ಅರ್ಧಕ್ಕೇ ಪುಸ್ತಕ ಮುಚ್ಚಿದ್ದನ್ನು ಕಂಡಿದ್ದೇನೆ.

ಕಪಾಟಿನಲ್ಲಿ ಇದರ ಪಕ್ಕಕ್ಕೇ ಇಟ್ಟಿರುವುದು ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’. ಅದೇ ನೃಪತುಂಗನನ್ನು ಕೊಂಡಾಡುತ್ತ ಆರಂಭವಾಗುವ ಸಂಸ್ಕೃತ ಗ್ರಂಥ. ಪದ್ಮಾವತಮ್ಮನವರ ಕನ್ನಡ ಅನುವಾದದೊಂದಿಗೆ ಸಿಗುತ್ತದೆ. ಗಣಿತದ ಪುಸ್ತಕಕ್ಕೆ ರಸಾಸ್ವಾದ ಎಲ್ಲಿಂದ ಬಂತು ಎನ್ನುವವರು ಅದರ ಮೊದಲ ಪುಟಗಳನ್ನು ನೋಡಬೇಕು. ಲೆಕ್ಕ ಎಲ್ಲೆಲ್ಲಿ ಬೇಕು ಎಂದು ಹೇಳುತ್ತ ಪ್ರಣಯ, ಸಂಗೀತ, ನಾಟಕ, ಅಡುಗೆ, ವೈದ್ಯ, ಮನೆ ಕಟ್ಟುವ ವಿದ್ಯೆ ಎಂದು ಅವನು ಒಂದೇ ಉಸಿರಿನಲ್ಲಿ ಎಣಿಸುತ್ತಾನೆ. ಮುಂದೆ, ಗುಣಲಬ್ಧ ಮಾಲೆಯಂತೆ ಬರುವ ಲೆಕ್ಕಗಳಿವೆ. 27994681ನ್ನು 441ರಿಂದ ಗುಣಿಸಿದರೆ 12345654321. ಆರರ ತನಕ ಏರಿ ಮತ್ತೆ ಇಳಿಯುವ ಆ ಸಾಲನ್ನು ಅವನು ಕೊರಳ ಹಾರವಾಗಿ ಕಂಡ. ಕಾಗದ ಪೆನ್ನು ಹಿಡಿದು ನಾನೇ ಗುಣಿಸಿದಾಗ, ಕೊನೆಯ ಅಂಕಿ ಸರಿಯಾಗಿ ಬಂದು ಕೂತ ಗಳಿಗೆಯಲ್ಲಿ ಆದ ಆನಂದ ಒಳ್ಳೆಯ ಕಂದಪದ್ಯ ಕೊಡುವ ಆನಂದಕ್ಕೆ ಏನೂ ಕಡಿಮೆಯಿರಲಿಲ್ಲ. ಈ ಪುಸ್ತಕ ನಮ್ಮ ಸೀಮೆಯ ಹೈಸ್ಕೂಲುಗಳ ಮಕ್ಕಳ ಕೈಗೆ ಹೋಗಲೇಬೇಕು ಎಂಬುದು ನನ್ನ ಬಲವಾದ ಆಸೆ.

ಮಳಖೇಡದಲ್ಲಿ ಮೂರನೆಯ ಭಾಷೆಯಲ್ಲೂ ಒಬ್ಬ ಕವಿ ಬರೆಯುತ್ತಿದ್ದ. ಅಪಭ್ರಂಶದ ಪುಷ್ಪದಂತ. ಊರೊಳಗೆ ಬರಲು ಒಲ್ಲದೆ ಹೊರಗಿನ ತೋಪಿನಲ್ಲಿ ದಣಿದು ಕೂತಿದ್ದವನನ್ನು ಕರೆದೊಯ್ದರೆಂದೂ, ಮಂತ್ರಿ ಭರತ ಒಲಿಸಿ ಬರೆಸಿದನೆಂದೂ ಅವನೇ ‘ಮಹಾಪುರಾಣ’ದಲ್ಲಿ ಹೇಳಿಕೊಳ್ಳುತ್ತಾನೆ. 965ರಲ್ಲಿ ಅದು ಮುಗಿಯಿತು. 972ರಲ್ಲಿ ಮಾಳವದ ಪರಮಾರ ಸೀಯಕ ದಾಳಿ ಮಾಡಿ ನಗರ ಸುಟ್ಟ. ಅಭಿಮಾನಿ ಕವಿ ಇನ್ನೆಲ್ಲಿ ನೆಲೆ ಹುಡುಕಲಿ ಎಂದು ಹಲುಬುವ ಶ್ಲೋಕವೊಂದು ಕೆಲವು ಹಸ್ತಪ್ರತಿಗಳಲ್ಲಿದೆ. ಅದೇ ಲೂಟಿಯ ವರ್ಷವನ್ನು ಕಾಲದ ಗುರುತಾಗಿ ಹೇಳುವ ಇನ್ನೊಂದು ಪುಸ್ತಕ ಧಾರಾನಗರದಲ್ಲಿ ಹುಟ್ಟಿತು: ಧನಪಾಲ ತನ್ನ ತಂಗಿ ಸುಂದರಿಗಾಗಿ ಬರೆದ ಪ್ರಾಕೃತ ನಿಘಂಟು ‘ಪಾಇಯಲಚ್ಛೀ’. ನಮ್ಮ ಊರು ಉರಿದ ವರ್ಷ ಅಲ್ಲೊಬ್ಬ ಅಣ್ಣ ತಂಗಿಗೆ ಶಬ್ದ ಕಲಿಸುತ್ತಿದ್ದ. ಈ ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ನನಗೆ ಇಂದಿಗೂ ಕಷ್ಟ.

ಮಳಖೇಡದಿಂದ ಚಿತ್ತಾಪುರದ ಕಡೆ ಬಂದರೆ ನಾಗಾವಿ. ಓದುವ ಹುಚ್ಚಿರುವವರಿಗೆ ಅದು ಯಾತ್ರೆಯ ಸ್ಥಳ. ಕಲ್ಯಾಣ ಚಾಲುಕ್ಯರ ಒಂದನೆಯ ಸೋಮೇಶ್ವರನ ಕಾಲದ, 1058ರ ಶಾಸನ ಅಲ್ಲಿನ ಘಟಿಕಾಸ್ಥಾನ ಎಂಬ ವಿದ್ಯಾಕೇಂದ್ರದ ವಿವರ ಕೊಡುತ್ತದೆ: ವೇದ ಓದುವ 200 ವಿದ್ಯಾರ್ಥಿಗಳು, ಶಾಸ್ತ್ರ ಓದುವವರು ಐವತ್ತರ ಆಸುಪಾಸು, ಪಾಠ ಹೇಳುವವರು ಆರು ಜನ, ಗ್ರಂಥಭಂಡಾರ ನೋಡಿಕೊಳ್ಳುವ ಸರಸ್ವತೀ ಭಂಡಾರಿಗರೂ ಆರು ಜನ. ಗುರುಗಳೆಷ್ಟೋ ಗ್ರಂಥಪಾಲಕರೂ ಅಷ್ಟೇ! ಅಲ್ಲಿನ ಅರವತ್ತು ಕಂಬದ ಗುಡಿಯಲ್ಲಿ ನಿಂತು ಈ ಲೆಕ್ಕ ನೆನೆಸಿಕೊಂಡಾಗ ಮಹಾವೀರಾಚಾರ್ಯನ ಹಾರದ ಲೆಕ್ಕಕ್ಕಿಂತ ಇದೇ ಚಂದ ಎನ್ನಿಸಿತು. ತಾಳೆಗರಿಯನ್ನು ಹುಳು ತಿನ್ನದಂತೆ ಕಾಯಬೇಕು, ಸವೆದಾಗ ಹೊಸ ಗರಿಗೆ ನಕಲು ಮಾಡಬೇಕು. ಈ ಕೆಲಸಕ್ಕೆ ಜನ ಬೇಕೆಂದು ತಿಳಿದು ಅವರ ಬದುಕಿಗೂ ದತ್ತಿ ಬಿಟ್ಟವರು ನಿಜವಾದ ರಸಿಕರು.

ಶಹಾಬಾದ ಸಮೀಪದ ಮರತೂರಿನವನು ಎಂದು ನಮ್ಮ ಜನ ಹೆಮ್ಮೆ ಪಡುವ ವಿಜ್ಞಾನೇಶ್ವರನ ‘ಮಿತಾಕ್ಷರಾ’ ನನಗೆ ಪ್ರೀತಿಯ ಪುಸ್ತಕವಲ್ಲ. ಮಗನಿಗೆ ಹುಟ್ಟಿನಿಂದಲೇ ಆಸ್ತಿಯ ಹಕ್ಕು ಎಂದ ಗ್ರಂಥ ಮಗಳನ್ನು ಅದೇ ಸಾಲಿನಲ್ಲಿ ಕೂರಿಸಲಿಲ್ಲ. ದೇಶದುದ್ದಕ್ಕೂ ಅದು ಆಗಲು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ತನಕ ಕಾಯಬೇಕಾಯಿತು. ಆದರೂ ಸ್ತ್ರೀಧನದ ಭಾಗವನ್ನು ಮೆಚ್ಚದೆ ಇರಲಾರೆ. ಯಾಜ್ಞವಲ್ಕ್ಯ ಸ್ಮೃತಿ ಎಣಿಸಿದ್ದನ್ನು ಹಿಡಿದು, ವಾರಸಾಗಿ ಬಂದದ್ದು, ಕೊಂಡದ್ದು, ಪಾಲಿನಲ್ಲಿ ಸಿಕ್ಕಿದ್ದು ಎಲ್ಲವೂ ಹೆಣ್ಣಿನದೇ ಎಂದು ಅವನು ಹಿಗ್ಗಿಸುತ್ತಾನೆ. ಹಳೆಯ ಮಾತಿಗೆ ಎಷ್ಟು ಅಗಲದ ಅರ್ಥ ಹಿಡಿಯುತ್ತದೆ ಎಂದು ನೋಡುವ ಆ ಕಸುಬು ನೋಡತಕ್ಕದ್ದು.

ನಮ್ಮ ಕಾಲಕ್ಕೆ ಬಂದರೆ ಎರಡು ಹೆಸರು. ಗೀತಾ ನಾಗಭೂಷಣ ಅವರ ‘ಬದುಕು’ ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು; ಕನ್ನಡದ ಲೇಖಕಿಯೊಬ್ಬರಿಗೆ ಅದು ಸಂದದ್ದು ಅದೇ ಮೊದಲು. ಕೆಲವು ಕಡೆ ಹಿಗ್ಗಿದೆ, ಘಟನೆಗಳು ಒಂದರ ಮೇಲೊಂದು ಬೀಳುತ್ತವೆ ಎಂದು ವಿಮರ್ಶಕರು ಹೇಳಿದರೆ ನಾನು ಒಪ್ಪುತ್ತೇನೆ. ಆದರೆ ಕೇರಿಯ ಹೆಂಗಸರು ಬಾಯಿ ತೆರೆದರೆ ಸಾಕು, ಆ ದೂರು ಮರೆತುಹೋಗುತ್ತದೆ. ಕಲಬುರಗಿ ಸೀಮೆಯ ಮಾತು ಅಲ್ಲಿ ನಗಿಸಲಿಕ್ಕೆ ಬಂದದ್ದಲ್ಲ. ಸಿಟ್ಟು, ಹಸಿವು, ಆಣೆ, ಲಾಲಿ ಎಲ್ಲವೂ ಅದರಲ್ಲೇ ಹುಟ್ಟುತ್ತವೆ. ಸೇಡಂ ಬಸ್ಸಿನಲ್ಲಿ ತೊಗರಿ ಬಿಡಿಸಲು ಹೊರಟ ಹೆಣ್ಣುಮಕ್ಕಳ ಮಾತಿಗೂ ಆ ಪುಟಗಳಿಗೂ ನಡುವೆ ಗೋಡೆಯಿಲ್ಲ. ನಮ್ಮ ಮನೆಯ ಮಾತು ಅಚ್ಚಿನಲ್ಲಿ ಹೀಗೆ ತಲೆಯೆತ್ತಿ ನಿಂತದ್ದನ್ನು ಕಂಡು ನನ್ನ ಕಣ್ಣು ಒದ್ದೆಯಾದದ್ದುಂಟು.

ಇನ್ನೊಬ್ಬರು ಚಿತ್ತಾಪುರ ತಾಲೂಕಿನ ಶಂಕರವಾಡಿಯಲ್ಲಿ ಹುಟ್ಟಿ, ಕಲಬುರಗಿಯಲ್ಲಿ ಕನ್ನಡ ಕಲಿಸಿ, 2019ರಲ್ಲಿ ತೀರಿಕೊಂಡ ಚೆನ್ನಣ್ಣ ವಾಲೀಕಾರ. ‘ವ್ಯೋಮಾವ್ಯೋಮ’ ಎಂಬ ಭಾರಿ ಮಹಾಕಾವ್ಯ ಬರೆದ ಧೈರ್ಯಶಾಲಿ. ಅದನ್ನು ಒಂದೇ ಓಟದಲ್ಲಿ ಓದಲಾಗುವುದಿಲ್ಲ, ಓದಬಾರದು ಕೂಡ. ಬೇಕಾದ ಕಡೆ ತೆರೆದು, ದನಿಯೆತ್ತಿ ಸ್ವಲ್ಪ ಓದಿ, ಬಿಟ್ಟು, ಮತ್ತೆ ಬರಬೇಕು. ನನಗೆ ಅದಕ್ಕಿಂತ ಹತ್ತಿರವಾದದ್ದು ‘ಕರಿ ತೆಲಿ ಮಾನವನ ಜೀಪದ’. ಅದನ್ನು ಮೌನವಾಗಿ ಓದುವುದು ಅದಕ್ಕೆ ಮಾಡುವ ಅನ್ಯಾಯ. ಶಹಾಬಾದಿನ ಫರಸಿ ಕಲ್ಲಿನ ಖಣಿಗಳಲ್ಲಿ ಹಾರೆ ಹಿಡಿದವರ, ಬಿಸಿಲಿಗೆ ಬೆನ್ನು ಕೊಟ್ಟವರ ಏದುಸಿರು ಆ ಸಾಲುಗಳ ಲಯದಲ್ಲಿದೆ. ಕಾಕಾನ ಮುಂದೆ ಓದಿದಾಗ ಅವರು ತೊಡೆಯ ಮೇಲೆ ತಾಳ ಹಾಕತೊಡಗಿದರು. “ಇದು ಹಾಡೋದದರಿ, ಓದೋದಲ್ಲ” ಎಂದರು. ಅಂದಿನಿಂದ ನಾವು ಅದನ್ನು ಹಾಡಿಯೇ ನೋಡುತ್ತಿದ್ದೇವೆ.

ಚಿಂಚೋಳಿಯ ಗೆಳೆಯರು ತಮ್ಮ ಕಡೆಯ ಪುಸ್ತಕ ಯಾವುದು ಎಂದು ಕೇಳುತ್ತಾರೆ. ಕಾಗಿಣಾ ಮಳಖೇಡಕ್ಕೆ ಬರುವ ಮೊದಲು ಅವರ ಸೀಮೆಯನ್ನು ಹಾಯ್ದೇ ಬರುತ್ತದೆ. ಚಂದ್ರಂಪಳ್ಳಿಯ ಕಾಡು, ತಾಂಡಾಗಳ ಲಂಬಾಣಿ ಹಾಡು, ಸಂತೆಯಲ್ಲಿ ತೆಲುಗು ಮತ್ತು ದಖನಿ ಉರ್ದು ಬೆರೆತ ಕನ್ನಡ, ಇವೆಲ್ಲ ಅಲ್ಲಿವೆ. ಅಲ್ಲಿಯ ತರುಣರು ಬರೆಯುತ್ತಿದ್ದಾರೆ, ತಂದು ತೋರಿಸುತ್ತಿದ್ದಾರೆ. ಹೋದ ಸಲ ಬಂದ ಹಸ್ತಪ್ರತಿಯೊಂದರಲ್ಲಿ ತಾಂಡಾದ ಅಜ್ಜಿಯ ಮಾತು ಇದ್ದ ಪುಟಗಳಿಗೆ ನಾನು ಪೆನ್ಸಿಲ್ ಮುಟ್ಟಿಸಲಿಲ್ಲ; ಲೇಖಕ ತಾನೇ ವಿವರಣೆಗೆ ಇಳಿದ ಪುಟಗಳನ್ನು ಮಾತ್ರ ಕಡಿಮೆ ಮಾಡು ಎಂದು ಹೇಳಿ ಕಳಿಸಿದ್ದೇನೆ.