ಹಂಚು ಯಾವ ರಾಜ್ಯದ್ದು? ಕಾಸರಗೋಡಿನ ಮನೆಯ ಮಾಡಿನ ಬಗ್ಗೆ ಒಂದು ತಕರಾರು

ಇವತ್ತಿನ ಚರ್ಚೆಯಲ್ಲಿ ಕಾಸರಗೋಡಿನ ಇಳಿಜಾರು ಮಾಡಿನ ಮನೆಗಳನ್ನು ಎರಡು ಮೂರು ಸಲ ‘ಕೇರಳ ಶೈಲಿ’ ಅಂತ ಕರೆದದ್ದು ಕೇಳಿದೆ. ಎಂ.ಎ. ಓದುವಾಗ ನಾನೂ ಹಾಗೇ ಬರೆದವಳು. ಈಗ ಆ ಮಾತು ನನಗೆ ಒಪ್ಪಿಗೆಯಿಲ್ಲ.

ಮೊದಲನೆಯದಾಗಿ, ಆ ಹಂಚಿನ ಹೆಸರೇ ಮಂಗಳೂರು ಹಂಚು. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಆಮೇಲೆ ಮಲಬಾರಿನಲ್ಲೂ ತೆರೆಯಿತು. ಮಂಗಳೂರು, ಕಾಸರಗೋಡುಗಳ ನಡುವೆ ರಾಜ್ಯದ ಗಡಿ ಬಂದದ್ದು 1956ರಲ್ಲಿ. ಅದಕ್ಕೂ ಹಿಂದೆ ನಮ್ಮ ಕಡೆ ಮನೆಗೆ ಹೊದೆಸುತ್ತಿದ್ದದ್ದು ಮುಳಿಹುಲ್ಲು, ಸೋಗೆ, ಮಡಲು. ಅಂದರೆ ನಾವು ‘ಪಾರಂಪರಿಕ’ ಎನ್ನುವ ಹಂಚು ಕಾರ್ಖಾನೆಯ ಸರಕು.

ಹಾಗಾದರೆ ಇದನ್ನು ‘ಕನ್ನಡ ಶೈಲಿ’ ಅನ್ನೋಣವೇ? ಅದೂ ಆಗದು. ಜತ್ತ, ಅಕ್ಕಲಕೋಟೆಯ ಕನ್ನಡಿಗರ ಹಳೆಯ ಮನೆಗಳಿಗೆ ಸಪಾಟಾದ ಮಣ್ಣಿನ ಮಾಳಿಗೆ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿ.ಮೀ. ಮಳೆ, ಜತ್ತದಲ್ಲಿ ಅದರ ಐದನೇ ಒಂದು ಪಾಲೂ ಇಲ್ಲ. ಮಾಡಿನ ಆಕಾರ ತೀರ್ಮಾನಿಸಿದ್ದು ಮಳೆ, ಭಾಷೆಯಲ್ಲ.

ನನ್ನ ನಿಜವಾದ ತಕರಾರು ಈಗಿನ ಮನೆಗಳ ಬಗ್ಗೆ. ಕಾಂಕ್ರೀಟ್ ಸ್ಲ್ಯಾಬನ್ನೇ ಇಳಿಜಾರಾಗಿ ಹಾಕಿ, ಮೇಲೆ ಹಂಚು ಅಂಟಿಸುತ್ತಾರೆ. ಪಕ್ಕಾಸು, ರೀಪಿನ ಮೇಲೆ ಕೂತ ಹಂಚಿನ ಸಂದಿಯಲ್ಲಿ ಬಿಸಿಗಾಳಿ ಹೊರಗೆ ಹೋಗುತ್ತಿತ್ತು. ಒಂದು ಒಡೆದರೆ ಅದೊಂದನ್ನೇ ಬದಲಿಸಬಹುದಿತ್ತು. ಅಂಟಿಸಿದ ಹಂಚಿಗೆ ಇವೆರಡೂ ಇಲ್ಲ. ಅದು ಬರೀ ಅಲಂಕಾರ. ಇನ್ನು ಕೆಲವರು ಸಪಾಟು ತಾರಸಿ ಕಟ್ಟುತ್ತಾರೆ, ನಾಲ್ಕು ಮಳೆಗಾಲ ಕಳೆದಾಗ ಸೋರುತ್ತದೆ, ಮತ್ತೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದೆಸುತ್ತಾರೆ. ನೋಡಲು ಚಂದ ಇಲ್ಲ, ಸರಿ. ಆದರೆ ನನ್ನ ಕಣ್ಣಿಗೆ ಅಂಟಿಸಿದ ಹಂಚಿಗಿಂತ ಆ ಶೀಟೇ ಪ್ರಾಮಾಣಿಕ. ಅದು ಮಳೆಗೆ ಉತ್ತರ ಕೊಡುತ್ತದೆ. ಅದರ ಅಡಿಯಲ್ಲಿ ಅಡಿಕೆಯೂ ಒಣಗುತ್ತದೆ.

ಹಳೆಯದನ್ನೇ ಉಳಿಸಿ ಅಂತ ಹೇಳುವುದು ಸುಲಭ. ನಮ್ಮ ಅಜ್ಜನ ಮನೆಯ ಮಾಡು ಬಿಚ್ಚುವ ಮಾತು ಈಗ ನಡೆಯುತ್ತಾ ಉಂಟು. ನಾನು ಬೇಡ ಅಂದಾಗ ಮಾವ ಕೇಳಿದರು: “ಮಂಗ ಒಡೆದ ಹಂಚನ್ನು ಹತ್ತಿ ಸರಿ ಮಾಡುವುದು ಯಾರು ಮಾರಾಯ್ತಿ, ನೀನಾ?” ನನ್ನ ಹತ್ತಿರ ಉತ್ತರ ಇರಲಿಲ್ಲ.

ಆದರೂ ಒಂದು ಕೇಳಿಕೊಂಡೆ: ಮಾಡು ಹೇಗೇ ಇರಲಿ, ಸೂರನ್ನು ಅಗಲಕ್ಕೆ ಚಾಚಿ, ಅದರ ಕೆಳಗಿನ ಜಗಲಿಗೆ ಗ್ರಿಲ್ ಹಾಕಬೇಡಿ. ಹೊಸ ಮನೆಗಳಲ್ಲಿ ಜಗಲಿ ಹೋಗಿ ‘ಸಿಟೌಟ್’ ಬಂದಿದೆ. ಅಲ್ಲಿ ಮನೆಯವರ ಎರಡು ಕುರ್ಚಿ ಉಂಟು, ದಾರಿಹೋಕನಿಗೆ ಜಾಗ ಇಲ್ಲ. ಜಗಲಿಯಲ್ಲಾದರೆ ಮಳೆಗೆ ಸಿಕ್ಕಿದವರು ಯಾರೂ ಬಂದು ಕೂರಬಹುದಿತ್ತು. ಕನ್ನಡ, ತುಳು, ಮಲಯಾಳ ಮೂರೂ ಅಲ್ಲಿ ಕಲೆಯುತ್ತಿದ್ದವು. ಗಡಿನಾಡಿನ ಮನೆಯನ್ನು ಓದುವವರು ಮಾಡಿನ ಆಕಾರಕ್ಕಿಂತ ಮೊದಲು, ಸೂರಿನಡಿ ಯಾರಿಗೆ ಜಾಗ ಇತ್ತು ಅಂತ ನೋಡಬೇಕು.

ಇಷ್ಟೇ ನನ್ನ ಮಾತು. ಪ್ರಶ್ನೆ ಇದ್ದರೆ ಕೇಳಿ.