ಬೆಲೆ, ಬೆಳೆ, ಬೇಳೆ: ಅನ್ಯಭಾಷಿಕರ ಕನ್ನಡ ಉಚ್ಚಾರಣೆ

ಅನ್ಯಭಾಷಿಕರಿಗೆ ಕನ್ನಡ ಕಲಿಸುವ ಕೈಪಿಡಿಗಳು ನಮ್ಮಲ್ಲಿ ಹೇರಳವಾಗಿವೆ. ಅವುಗಳ ವಿಮರ್ಶೆ ಮಾತ್ರ ವಿರಳ. ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಂತಹ ಕಡೆ ಹಿಂದಿ ಮಾತೃಭಾಷೆಯ ಕಾರ್ಮಿಕನೊಬ್ಬ ಇಂತಹ ಕೈಪಿಡಿಯನ್ನು ಓದಿಕೊಂಡು ಕಿರಾಣಿ ಅಂಗಡಿಗೆ ಹೋದಾಗಲೇ ಅದರ ನಿಜವಾದ ಪರೀಕ್ಷೆ. ತೊಗರಿ ಬೇಳೆಯ ಬೆಲೆ ಕೇಳಬೇಕಾದ ಆತನ ಬಾಯಲ್ಲಿ ಬೆಲೆ, ಬೆಳೆ, ಬೇಳೆ ಮೂರೂ 'ಬೇಲೆ' ಆಗುತ್ತವೆ. 'ಹೇಳಿ' ಎಂಬಲ್ಲಿ ಳಕಾರ ಜಾರಿದರೆ ಆಗುವ ಅನರ್ಥವನ್ನು ಕನ್ನಡಿಗರಿಗೆ ವಿವರಿಸಬೇಕಿಲ್ಲ. ಕೇಳಿದವರು ನಗುತ್ತಾರೆ, ನಕ್ಕು ಹಿಂದಿಗೆ ಹೊರಳುತ್ತಾರೆ. ಕನ್ನಡದ ಕಲಿಕೆ ಅಲ್ಲಿಗೆ ನಿಲ್ಲುತ್ತದೆ.

ಇದಕ್ಕೆ ಕಲಿಯುವವನ ನಾಲಗೆಯನ್ನು ದೂರುವುದು ರೂಢಿ. ಈ ದೂರು ನ್ಯಾಯವಲ್ಲ. ಕೈಪಿಡಿಗಳು ಉಚ್ಚಾರಣೆಯನ್ನು ಲಿಪಿಯ ಸಮಸ್ಯೆಯೆಂದು ಭಾವಿಸಿ ವರ್ಣಮಾಲೆಯಿಂದ ಆರಂಭಿಸುತ್ತವೆ. ರೋಮನ್ ಲಿಪಿಯ ರೂಢಿಯ ಬರಹದಲ್ಲಿ ಈ ಮೂರು ಪದಗಳಿಗೂ ಒಂದೇ ಕಾಗುಣಿತ. ದೇವನಾಗರಿಯಲ್ಲಿ ಹ್ರಸ್ವ ಎಕಾರ, ಒಕಾರಗಳಿಗೆ ಪ್ರತ್ಯೇಕ ಚಿಹ್ನೆಗಳನ್ನು ರೂಪಿಸಿದ್ದರೂ ಹಿಂದಿಯ ಸಾಮಾನ್ಯ ಓದುಗನಿಗೆ ಅವು ಅಪರಿಚಿತ. ಪುಟದಲ್ಲಿಯೇ ಅಳಿಸಿಹೋದ ಭೇದವನ್ನು ಆತ ಕಿವಿಯಲ್ಲಿ ಹಿಡಿಯುವುದಾದರೂ ಹೇಗೆ?

ಗಮನಿಸಬೇಕಾದ ಸಂಗತಿಯೆಂದರೆ, ಈ ಧ್ವನಿಗಳು ಆತನ ಬಾಯಿಗೆ ಪೂರ್ಣ ಹೊಸವಲ್ಲ. ಹಿಂದಿಯಲ್ಲಿ 'ಬಹನ್' ಎಂದು ಬರೆದು 'ಬೆಹನ್' ಎಂದೂ, 'ಬಹುತ್' ಎಂದು ಬರೆದು 'ಬೊಹುತ್' ಎಂದೂ ಉಚ್ಚರಿಸುತ್ತಾರೆ. ಹಕಾರದ ನೆರೆಯಲ್ಲಿ ಹ್ರಸ್ವ ಎಕಾರ, ಒಕಾರಗಳು ಸಹಜವಾಗಿ ಬರುತ್ತವೆ. ಅರ್ಥಭೇದಕ್ಕೆ ಅವು ಕಾರಣವಾಗದ್ದರಿಂದ ಕಿವಿ ಅವನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. 'ಬೆಹನ್' ಪದದ ಮೊದಲ ಸ್ವರವನ್ನೇ 'ಬೆಲೆ'ಗೆ ತಂದರೆ ಅರ್ಧ ಪಾಠ ಮುಗಿದಂತೆ. ಳಕಾರವೂ ಹೀಗೆಯೇ. ಹಿಂದಿಯ 'ಘೋಡಾ' ಪದದ ಡಕಾರದಲ್ಲಿ ನಾಲಗೆಯ ತುದಿ ಹಿಂದಕ್ಕೆ ಮಡಿದು ಅಂಗುಳನ್ನು ತಟ್ಟಿ ಮುಂದೆ ಬೀಳುತ್ತದೆ. ಅದೇ ಸ್ಥಾನದಲ್ಲಿ ನಾಲಗೆಯನ್ನು ತಡೆದು ಉಸಿರನ್ನು ಎರಡೂ ಪಕ್ಕಗಳಿಂದ ಬಿಟ್ಟರೆ ಳಕಾರ. 'ಮೂರ್ಧನ್ಯ' ಎಂಬ ಒಂದು ಪದವನ್ನು ಬರೆದು ಮುಂದೆ ಸಾಗುವ ಕೈಪಿಡಿ ಈ ಒಂದು ನಿಮಿಷದ ಅಭ್ಯಾಸವನ್ನು ಹೇಳುವುದಿಲ್ಲ. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 1972ರಷ್ಟು ಹಿಂದೆಯೇ ಯು. ಪಿ. ಉಪಾಧ್ಯಾಯರ ಕನ್ನಡ ಧ್ವನಿವಾಚಿಕೆಯನ್ನು ಪ್ರಕಟಿಸಿತ್ತು. ವಿದ್ವತ್ತಿನ ಕೊರತೆ ಇರಲಿಲ್ಲ. ಅದು ಅಗ್ಗದ ಕೈಪಿಡಿಯವರೆಗೆ ಇಳಿಯಲಿಲ್ಲ, ಅಷ್ಟೆ.

ನಗುವವರ ಬಗೆಗೂ ಒಂದು ಮಾತು. ಹದಿಮೂರನೆಯ ಶತಮಾನದ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ರಳ, ಕುಳಗಳ ಭೇದವನ್ನು ಹೇಳಿ, ರಳವಿರುವ ಪದಗಳನ್ನು ಪಟ್ಟಿ ಮಾಡಬೇಕಾಯಿತು. ಕನ್ನಡಿಗರ ಬಾಯಲ್ಲಿಯೇ ಆ ಭೇದ ಅಳಿಯುತ್ತಿತ್ತು ಎಂಬುದಕ್ಕೆ ಬೇರೆ ಸಾಕ್ಷ್ಯ ಬೇಕಿಲ್ಲ; ಇಂದು ರಳ ನಮ್ಮಲ್ಲಿ ಯಾರಿಗೂ ಬಾರದು. ಧಾರವಾಡವನ್ನು ನಮ್ಮಲ್ಲಿ ಅನೇಕರು 'ದಾರವಾಡ' ಎಂದೇ ಅನ್ನುತ್ತಾರೆ. ಅಲ್ಲಿಯ ಧಕಾರವನ್ನು ಸ್ಪಷ್ಟವಾಗಿ ಉಚ್ಚರಿಸುವವನು ಬಿಹಾರದಿಂದ ಬಂದ ಆ ಕಾರ್ಮಿಕನೇ!

ಇನ್ನು 'ಹೊರರಾಜ್ಯದವರು' ಎಂಬ ಒಂದೇ ವರ್ಗಕ್ಕೆ ಒಂದೇ ಪಾಠ ಬರೆಯುವ ಕ್ರಮವೂ ಮರುಪರಿಶೀಲನೆಗೆ ಅರ್ಹ. ಒಡಿಯಾದಲ್ಲಿ ಣಕಾರ, ಳಕಾರಗಳೆರಡೂ ಇವೆ; ಪದಾಂತ್ಯದ ಸ್ವರವನ್ನೂ ಅದು ಸಾಮಾನ್ಯವಾಗಿ ಉಳಿಸಿಕೊಳ್ಳುತ್ತದೆ. ಒಡಿಯಾ ಭಾಷಿಕನಿಗೆ ಬೆಲೆ–ಬೆಳೆಗಳ ಭೇದ ಕಷ್ಟವಲ್ಲ, ಬೆಳೆ–ಬೇಳೆಗಳದ್ದು ಕಷ್ಟ. ಮರಾಠಿಗನದೂ ಬಹುಮಟ್ಟಿಗೆ ಇದೇ ಸ್ಥಿತಿ. ಹಿಂದಿಯವನಿಗೆ ಎರಡೂ ತೊಡಕೇ. ಒಂದೇ ಕೊಠಡಿಯಲ್ಲಿ ಮಲಗಿ ಒಂದೇ ಪಾಳಿಗೆ ಹೊರಡುವ ಈ ಮೂವರ ಕೈಯಲ್ಲಿಯೂ ನಾವು ಇಟ್ಟಿರುವುದು 'ಅ–ಅರಸ'ದಿಂದ ತೊಡಗುವ ಅದೇ ಪುಸ್ತಕ.