ಸಹಜತೆ ಪುಕ್ಕಟೆ ಸಿಗುವುದಿಲ್ಲ

ಕೈಯಲ್ಲಿ ದುಡ್ಡಿಲ್ಲವೇ? ಹಾಗಾದರೆ ಪ್ರೇಮದ ಹಾಸ್ಯಚಿತ್ರ ಮಾಡು. ಹೊಸ ನಿರ್ದೇಶಕರಿಗೆ ಗಾಂಧಿನಗರದಲ್ಲೂ ಫಿಲ್ಮ್ ಕ್ಲಬ್ಬುಗಳಲ್ಲೂ ಸಿಗುವ ಸಲಹೆ ಇದೇ. ಎರಡು ಹೊಸ ಮುಖ, ಒಂದು ಬಾಡಿಗೆ ಮನೆ, ಒಂದು ಕಾಫಿ ಅಂಗಡಿ ಸಾಕು. ಮಾತನ್ನು ಹುಡುಗರೇ ಸೆಟ್ಟಿನಲ್ಲಿ ಹೊಂದಿಸಿಕೊಳ್ಳುತ್ತಾರೆ, ಸಹಜವಾಗಿಯೂ ಇರುತ್ತದೆ, ಹದಿನೈದು ದಿನದಲ್ಲಿ ಕುಂಬಳಕಾಯಿ ಒಡೆಯಬಹುದು. ನನಗೆ ಇದು ತಲೆಕೆಳಗಾದ ಸಲಹೆ ಅನ್ನಿಸುತ್ತದೆ. ಹೊಡೆದಾಟದ ಚಿತ್ರದಲ್ಲಿ ಸಪ್ಪೆ ನಟನನ್ನು ಹಿನ್ನೆಲೆ ಸಂಗೀತ ಕಾಪಾಡುತ್ತದೆ. ಇಬ್ಬರು ಸೋಫಾ ಮೇಲೆ ಕೂತು ಮಾತಾಡುವ ಕಡೆ ಆ ಆಸರೆ ಇಲ್ಲ. ಉತ್ತರ ಅರೆಕ್ಷಣ ತಡವಾದರೆ ನಗು ಸತ್ತಂತೆಯೇ.

ಈ ವಾದದವರು ಉದಾಹರಣೆ ಕೊಡುವುದು ಅಮೆರಿಕದ ಸಣ್ಣ ಚಿತ್ರಗಳನ್ನು. ಆಂಡ್ರ್ಯೂ ಬುಜಾಲ್‌ಸ್ಕಿಯ ‘ಫನ್ನಿ ಹಾ ಹಾ’ (2002) ಅವುಗಳಲ್ಲಿ ಮೊದಲನೆಯದು. ಕಾಲೇಜು ಮುಗಿಸಿದ ಮಾರ್ನಿ ಬಾಸ್ಟನ್ನಿನಲ್ಲಿ ತಾತ್ಕಾಲಿಕ ಕೆಲಸ ಮಾಡಿಕೊಂಡು, ತನಗೆ ದಕ್ಕದವನನ್ನು ಇಷ್ಟಪಡುತ್ತಾ ತಡವರಿಸುತ್ತಾಳೆ. ಆ ತಡವರಿಕೆ ಕಂಡವರೆಲ್ಲ ‘ಬಾಯಿಗೆ ಬಂದದ್ದು ಆಡಿದ್ದಾರೆ’ ಎಂದುಕೊಂಡರು. ಆದರೆ ಬಹುಪಾಲು ಮಾತು ಚಿತ್ರಕಥೆಯಲ್ಲೇ ಬರೆದಿತ್ತು. ಚಿತ್ರೀಕರಣವಾದದ್ದು 16 ಎಂ.ಎಂ. ಫಿಲ್ಮಿನಲ್ಲಿ, ರೀಲು ಓಡಿದಷ್ಟೂ ಕಾಸು ಖರ್ಚು. ಬಾಯಿಗೆ ಬಂದದ್ದು ಆಡಲು ಬಿಟ್ಟರೆ ಕಟ್ಟುವವರು ಯಾರು?

ನೋವಾ ಬಾಮ್‌ಬ್ಯಾಕ್ ನಿರ್ದೇಶನದ ‘ಫ್ರಾನ್ಸೆಸ್ ಹಾ’ (2012) ಇನ್ನೂ ಚೆನ್ನಾದ ಸಾಕ್ಷಿ. ನಾಯಕಿ ಗ್ರೆಟಾ ಗರ್ವಿಗ್ ಅದಕ್ಕೆ ಮೊದಲು ‘ಹ್ಯಾನ್ನಾ ಟೇಕ್ಸ್ ದಿ ಸ್ಟೇರ್ಸ್’ನಂಥ ಚಿತ್ರದಲ್ಲಿ ನಿಜಕ್ಕೂ ಸ್ಥಳದಲ್ಲೇ ಮಾತು ಹುಟ್ಟಿಸಿ ನಟಿಸಿದ್ದವಳು. ಇಲ್ಲಿ ಬಾಮ್‌ಬ್ಯಾಕ್ ಜೊತೆ ಕೂತು ಚಿತ್ರಕಥೆ ಬರೆದಳು. ಬರೆದ ಮೇಲೆ ಬರೆದದ್ದನ್ನೇ ಆಡಿದಳು, ಒಂದೊಂದು ದೃಶ್ಯಕ್ಕೆ ಹತ್ತಾರು ಟೇಕ್. ಬಾಮ್‌ಬ್ಯಾಕ್ ದುಡ್ಡಿಗೆ ಗತಿಯಿಲ್ಲದವನಲ್ಲ, ಹಿಂದಿನ ಚಿತ್ರಕ್ಕೆ ಬೆನ್ ಸ್ಟಿಲ್ಲರ್ ನಾಯಕನಾಗಿದ್ದ. ಆದರೂ ಸಾಮಾನ್ಯರು ಕೊಳ್ಳುವ ಕ್ಯಾನನ್ 5ಡಿ ಸ್ಟಿಲ್ ಕ್ಯಾಮೆರಾ ಹಿಡಿದು, ತಂಡವನ್ನು ಚಿಕ್ಕದಾಗಿಸಿ, ದಿನಗಳನ್ನು ಹೆಚ್ಚಿಸಿಕೊಂಡ. ಡಿಜಿಟಲ್‌ನಲ್ಲಿ ಟೇಕಿಗೆ ಖರ್ಚಿಲ್ಲ. ಖರ್ಚು ಇರುವುದು ಯೂನಿಟ್ಟಿನ ಬಾಟಾ, ಊಟ, ಜನರೇಟರಿಗೆ. ಅದನ್ನು ಕಡಿಮೆ ಮಾಡಿದರೆ ಉಳಿಯುವುದು ಸಮಯ. ನಮ್ಮವರು ಮಾಡುವುದು ಉಲ್ಟಾ: ಯೂನಿಟ್ ದೊಡ್ಡದಾಗಿಯೇ ಇರಲಿ, ದಿನ ಕತ್ತರಿಸಿ.

ದುಡ್ಡಿಲ್ಲದಿರುವುದು ಕಥೆಗೂ ಒದಗಬಲ್ಲದು. ‘ಫ್ರಾನ್ಸೆಸ್ ಹಾ’ದ ಒಂದು ಪ್ರಸಂಗ ನೋಡಿ. ತೆರಿಗೆ ಇಲಾಖೆಯಿಂದ ಒಂದಿಷ್ಟು ಹಣ ವಾಪಸು ಬಂದ ಖುಷಿಗೆ ಫ್ರಾನ್ಸೆಸ್ ಗೆಳೆಯನನ್ನು ಊಟಕ್ಕೆ ಕರೆಯುತ್ತಾಳೆ. ಬಿಲ್ ಬಂದಾಗ ಕಾರ್ಡು ನಡೆಯುವುದಿಲ್ಲ. ಎಟಿಎಂ ಹುಡುಕಿಕೊಂಡು ಓಡುತ್ತಾಳೆ. ಯಂತ್ರ ಮೂರು ಡಾಲರ್ ಶುಲ್ಕ ಕೇಳಿದಾಗ ಕೈ ಹಿಂಜರಿಯುತ್ತದೆ. ವಾಪಸು ಓಡುವಾಗ ಬಿದ್ದು, ಕೈಯಲ್ಲಿ ರಕ್ತ ಇಟ್ಟುಕೊಂಡೇ ಬಂದು ಕೂರುತ್ತಾಳೆ. ಇಪ್ಪತ್ತೇಳರ ಹುಡುಗಿಯೊಬ್ಬಳ ಬೆಳೆಯದ ಬದುಕು, ಜಂಬ, ಒಬ್ಬ ಹುಡುಗನೆದುರಿನ ನಾಚಿಕೆ ಎಲ್ಲ ಆ ಮೂರು ಡಾಲರಿನಲ್ಲಿ ಬಂತು. ಚಿತ್ರದ ಭಾಗಗಳಿಗೆ ಶೀರ್ಷಿಕೆಯಾಗಿರುವುದೂ ಅವಳು ಬದಲಿಸುವ ಮನೆಗಳ ವಿಳಾಸಗಳೇ.

ನಮ್ಮ ಕಡಿಮೆ ಬಜೆಟ್ಟಿನ ಚಿತ್ರಗಳಲ್ಲಿ ನಿರ್ಮಾಪಕನಿಗೆ ದುಡ್ಡಿಲ್ಲ, ಪಾತ್ರಗಳಿಗೆ ಮಾತ್ರ ಅದರ ಚಿಂತೆಯೇ ಇಲ್ಲ. ಕೆಲಸವಿಲ್ಲದ ನಾಯಕನ ಬುಲೆಟ್ಟಿಗೆ ಪೆಟ್ರೋಲ್ ಹಾಕಿಸುವ ಪುಣ್ಯಾತ್ಮ ಯಾರೋ! ಬೆಂಗಳೂರಿನಲ್ಲಿ ಇಪ್ಪತ್ತೈದರ ಇಬ್ಬರು ಒಟ್ಟಿಗಿರಬೇಕಾದರೆ ಹತ್ತು ತಿಂಗಳ ಅಡ್ವಾನ್ಸ್ ಕೇಳುವ, ‘ಮದುವೆಯಾಗಿದೆಯಾ?’ ಎಂದು ಕೇಳುವ ಓನರ್ ಆಂಟಿಯನ್ನು ದಾಟಬೇಕು. ಅಷ್ಟರಲ್ಲೇ ಅರ್ಧ ಚಿತ್ರದ ಹಾಸ್ಯವಿದೆ; ಅದನ್ನು ಬಿಟ್ಟು ಮಡಿಕೇರಿಯ ಮಂಜಿಗೆ ಓಡುತ್ತೇವೆ.

‘ಸಿಂಪಲ್ಲಾಗ್ ಒಂದ್ ಲವ್ ಸ್ಟೋರಿ’ (2013) ಗೆದ್ದಿತಲ್ಲ ಎನ್ನಬಹುದು. ಗೆದ್ದಿತು. ಜನ ಬಂದದ್ದು ನಿರ್ದೇಶಕ ಸುನಿ ಬರೆದ ಮಾತು ಕೇಳಲು. ಆ ಚಿತ್ರದ ಬಂಡವಾಳ ಸಂಭಾಷಣೆಯೇ. ಆಮೇಲೆ ಬಂದವರು ಅದರ ಮಳೆಯನ್ನೂ ಪಂಚ್ ಡೈಲಾಗನ್ನೂ ನಕಲು ಮಾಡಿದರು, ಬರವಣಿಗೆಗೆ ಹಿಡಿದ ಹಟವನ್ನಲ್ಲ.

ಆದ್ದರಿಂದ ಈ ಬಗೆಯ ಚಿತ್ರಕ್ಕೆ ಕೈ ಹಾಕುವವರು ಡ್ರೋನ್ ಬಾಡಿಗೆ, ವಿದೇಶಿ ಹಾಡು, ಟೀಸರ್ ಸಮಾರಂಭ ಮೂರನ್ನೂ ಬಜೆಟ್ಟಿನಿಂದ ಹೊಡೆದುಹಾಕಲಿ. ಆ ದುಡ್ಡನ್ನು ಇಬ್ಬರು ನಟರ ಒಂದು ತಿಂಗಳ ರಿಹರ್ಸಲ್ಲಿಗೂ ಸ್ಥಳದಲ್ಲೇ ಧ್ವನಿ ಹಿಡಿಯುವ ಒಳ್ಳೆಯ ಸೌಂಡ್ ರೆಕಾರ್ಡಿಸ್ಟ್‌ಗೂ ಕೊಡಲಿ. ಡಬ್ಬಿಂಗ್ ಥಿಯೇಟರಿನಲ್ಲಿ ಮೈಕಿನ ಮುಂದೆ ನಿಂತು ಮತ್ತೆ ಆಡಿದ ಪಿಸುಮಾತಿಗೆ ಯಾರೂ ನಗುವುದಿಲ್ಲ.